ಬೀಳುವ ಚೆಂಡಿನ ಎರಡು ವಿಡಿಯೊಗಳು: ಎಐ ಸಂಪಾದನೆಯನ್ನು ವಿಜ್ಞಾನ ಪಾಠದಲ್ಲಿ ಬಳಸಿದ ಬಗೆ

ತರಗತಿ: ಒಂಬತ್ತು. ವಿಷಯ: ವಿಜ್ಞಾನ. ಘಟಕ: ಗುರುತ್ವಾಕರ್ಷಣೆ. ಉಪಘಟಕ: ಮುಕ್ತ ಪತನ. ಮಾಧ್ಯಮ: ಕನ್ನಡ. ಅವಧಿ: 40 ನಿಮಿಷಗಳ ಎರಡು ಪೀರಿಯಡ್.

ಬೋಧನಾಭ್ಯಾಸಕ್ಕೆ ಹೋಗುವ ನಮ್ಮಲ್ಲಿ ಹಲವರು ಈಗ ಪಾಠದ ವಿಡಿಯೊಗಳನ್ನು ಮೊಬೈಲಿನಲ್ಲಿ ತಾವೇ ತೆಗೆದು, ಎಐ ಮೂಲಕ ಚೆಂದಗೊಳಿಸಿ ತರಗತಿಗೆ ಒಯ್ಯುತ್ತಿದ್ದಾರೆ. ಹಿಂದುಗಡೆ ತಂತಿಯ ಮೇಲೆ ಒಣಗುತ್ತಿರುವ ಬಟ್ಟೆಯೋ ನಿಲ್ಲಿಸಿದ ಸ್ಕೂಟರೋ ಕಂಡರೆ ಒಂದು ವಾಕ್ಯ ಬರೆದರಾಯಿತು, ಮಾಯ. ಅನುಕೂಲವೇನೋ ನಿಜ. ಆದರೆ ವಿಜ್ಞಾನ ಪಾಠದಲ್ಲಿ ವಿಡಿಯೊಗೆ ಎರಡು ಕೆಲಸಗಳಿವೆ: ಒಂದು, ಮಕ್ಕಳಿಗೆ ತೋರಿಸುವುದು, ಇನ್ನೊಂದು, ಅವರಿಗೆ ಅಳೆಯಲು ಕೊಡುವುದು. ಮೊದಲ ಕೆಲಸಕ್ಕೆ ಒಪ್ಪುವ ವಿಡಿಯೊ ಎರಡನೆಯದಕ್ಕೆ ಒಪ್ಪದೆ ಇರಬಹುದು. ಈ ವ್ಯತ್ಯಾಸವನ್ನು ನಾನು ಬರೀ ಎಚ್ಚರಿಕೆಯಾಗಿ ಹೇಳುವ ಬದಲು ಪಾಠವನ್ನಾಗಿಯೇ ಮಾಡಿದೆ. ಒಂದೇ ಚೆಂಡಿನ ಪತನದ ಎರಡು ವಿಡಿಯೊಗಳನ್ನು, ಕ್ಯಾಮೆರಾದಿಂದ ಬಂದದ್ದು ಒಂದು, ಎಐ ಸಂಪಾದಿಸಿದ್ದು ಇನ್ನೊಂದು, ಮಕ್ಕಳ ಕೈಗೆ ಕೊಟ್ಟು ಅಳೆಯಲು ಹೇಳಿದೆ.

ಅಳೆಯಲು ಬರುವ ವಿಡಿಯೊ

ಮೊದಲು ಉಪಕರಣ. 130 ಸೆಂಟಿಮೀಟರ್ ಉದ್ದದ ಒಂದು ಮರದ ಪಟ್ಟಿ. ಅದರ ಮೇಲೆ 10 ಸೆಂಟಿಮೀಟರಿಗೆ ಒಂದರಂತೆ ಕಪ್ಪು, ಬಿಳಿ, ಕಪ್ಪು, ಬಿಳಿ ಎಂದು 13 ಮನೆಗಳಿಗೆ ಪೇಂಟ್ ಹಚ್ಚಿದೆ. ಅಂಕಿಗಳಿರುವ ಟೇಪನ್ನು ಬೇಕೆಂದೇ ಬಿಟ್ಟೆ. ಮೂರು ಮೀಟರ್ ದೂರದಿಂದ ತೆಗೆದ ವಿಡಿಯೊದಲ್ಲಿ ಸಣ್ಣ ಅಂಕಿ ಓದಲು ಬರುವುದಿಲ್ಲ, ಮನೆಗಳನ್ನಾದರೆ ಕೊನೆಯ ಬೆಂಚಿನ ಹುಡುಗನೂ ಎಣಿಸಬಲ್ಲ. ಪಟ್ಟಿಯನ್ನು ಗೋಡೆಗೆ ಲಂಬವಾಗಿ ನಿಲ್ಲಿಸಿ, ಅದರ ಮೇಲ್ತುದಿಯಿಂದ ಒಂದು ಕೆಂಪು ರಬ್ಬರ್ ಚೆಂಡನ್ನು ಬಿಟ್ಟೆವು. ಫೋನನ್ನು ಪಟ್ಟಿಯ ನಡುಮಟ್ಟದ ಎತ್ತರದಲ್ಲಿ ಸ್ಟೂಲಿನ ಮೇಲೆ ಅಲುಗದಂತೆ ಇಟ್ಟೆವು. ಮೇಲಿನಿಂದಲೋ ಕೆಳಗಿನಿಂದಲೋ ಓರೆಯಾಗಿ ತೆಗೆದರೆ ಚೆಂಡು ಯಾವ ಮನೆಯೆದುರು ಇದೆ ಎಂಬುದೇ ತಪ್ಪಾಗುತ್ತದೆ.

ಬಿಸಿಲಿನಲ್ಲಿ ತೆಗೆಯುವುದು ಮುಖ್ಯ. ಅರ್ಧ ಸೆಕೆಂಡು ಬಿದ್ದ ಚೆಂಡಿನ ವೇಗ ಸೆಕೆಂಡಿಗೆ 4.9 ಮೀಟರ್. ಬೆಳಕು ಕಡಿಮೆಯಿದ್ದು ಶಟರ್ 1/60 ಸೆಕೆಂಡು ತೆರೆದಿದ್ದರೆ ಅಷ್ಟರಲ್ಲಿ ಚೆಂಡು ಸುಮಾರು 8 ಸೆಂಟಿಮೀಟರ್ ಸರಿದು, ಚಿತ್ರದಲ್ಲಿ ಕೆಂಪು ಗೆರೆಯಂತೆ ಕಾಣುತ್ತದೆ. ಒಳ್ಳೆಯ ಬಿಸಿಲಿನಲ್ಲಿ ಫೋನು ತಾನಾಗಿಯೇ ಶಟರ್ ಅವಧಿಯನ್ನು ಇಳಿಸಿಕೊಳ್ಳುತ್ತದೆ. 1/500 ಸೆಕೆಂಡಾದರೆ ಸರಿಯುವುದು ಒಂದೇ ಸೆಂಟಿಮೀಟರ್.

ಇನ್ನು ಗಣಿತ. ವಿಡಿಯೊ ಸೆಕೆಂಡಿಗೆ 30 ಫ್ರೇಮ್ ಇದ್ದರೆ ಮೂರು ಫ್ರೇಮಿಗೆ 0.1 ಸೆಕೆಂಡು. ಪ್ರತಿ ಮೂರನೆಯ ಫ್ರೇಮನ್ನು ತೆಗೆದಿಟ್ಟರೆ ಅರ್ಧ ಸೆಕೆಂಡಿನ ಪತನಕ್ಕೆ ಆರು ಚಿತ್ರಗಳು. ಬಿಟ್ಟ ಜಾಗದಿಂದ ಚೆಂಡು ಇಳಿದಿರಬೇಕಾದ ದೂರ ಕ್ರಮವಾಗಿ 4.9, 19.6, 44.1, 78.4, 122.5 ಸೆಂಟಿಮೀಟರ್. ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ಇರುವ ಅಂತರ 4.9, 14.7, 24.5, 34.3, 44.1. ನಮ್ಮ ಪಟ್ಟಿಯ ಭಾಷೆಯಲ್ಲಿ ಅರ್ಧ ಮನೆ, ಒಂದೂವರೆ, ಎರಡೂವರೆ, ಮೂರೂವರೆ, ನಾಲ್ಕೂವರೆ. ಅಂದರೆ ಪ್ರತಿ ಹೆಜ್ಜೆಯೂ ಹಿಂದಿನದಕ್ಕಿಂತ ಸರಿಸುಮಾರು ಒಂದು ಮನೆ ಉದ್ದ. ಮನೆಯ ಅಳತೆಯನ್ನು 10 ಸೆಂಟಿಮೀಟರ್ ಎಂದು ಆರಿಸಿಕೊಂಡದ್ದು ಇದಕ್ಕಾಗಿಯೇ.

ಗೆಲಿಲಿಯೊ ಕಂಡ 1:3:5:7 ಎಂಬ ಬೆಸಸಂಖ್ಯೆಗಳ ಅನುಪಾತ ಇದೇ. ಅವನ ಬಳಿ 0.1 ಸೆಕೆಂಡು ಅಳೆಯುವ ಗಡಿಯಾರ ಇರಲಿಲ್ಲ. ಹಾಗಾಗಿ ಚೆಂಡನ್ನು ಇಳಿಜಾರಿನಲ್ಲಿ ಉರುಳಿಸಿ ಚಲನೆಯನ್ನು ನಿಧಾನ ಮಾಡಿಕೊಂಡ, ಹರಿದ ನೀರನ್ನು ತೂಗಿ ಕಾಲವನ್ನು ಅಳೆದ. 1638ರ ಪುಸ್ತಕದಲ್ಲಿ ಇದನ್ನು ವಿವರಿಸಿದ್ದಾನೆ. ಇಂದು ಹಳ್ಳಿಯ ಶಾಲೆಯ ಮಗುವಿನ ಮನೆಯಲ್ಲಿರುವ ಫೋನಿಗೆ ಆ ಸಾಮರ್ಥ್ಯವಿದೆ.

ಪ್ರಶಿಕ್ಷಣಾರ್ಥಿ ಗೆಳೆಯರು ಗಮನಿಸಬೇಕಾದ ಒಂದು ಸೂಕ್ಷ್ಮ ಇಲ್ಲಿದೆ. ಚೆಂಡು ಕೈಬಿಟ್ಟ ಕ್ಷಣ ಎರಡು ಫ್ರೇಮುಗಳ ನಡುವೆ ಬೀಳಬಹುದು. ಆಗ 1:3:5 ಅನುಪಾತ ಸರಿಯಾಗಿ ಬರುವುದಿಲ್ಲ, ಪ್ರಯೋಗ ಕೆಟ್ಟಿತೆಂದು ಮಕ್ಕಳು ತಿಳಿಯುತ್ತಾರೆ. ಆದರೆ ಅಂತರಗಳು ಸಮನಾಗಿ ಹೆಚ್ಚುವುದು ಮಾತ್ರ ಎಲ್ಲಿಂದ ಶುರುಮಾಡಿದರೂ ತಪ್ಪದು. ಆದ್ದರಿಂದ ಅನುಪಾತ ಕೇಳಬೇಡಿ, "ಪ್ರತಿ ಹೆಜ್ಜೆ ಎಷ್ಟು ಮನೆ ಹೆಚ್ಚಾಯಿತು?" ಎಂದು ಕೇಳಿ. 0.1 ಸೆಕೆಂಡಿನ ಹೆಜ್ಜೆಗೆ 10 ಸೆಂಟಿಮೀಟರ್ ಹೆಚ್ಚಳವೆಂದರೆ ವೇಗೋತ್ಕರ್ಷ ಸುಮಾರು 10 ಮೀಟರ್ ಪ್ರತಿ ಸೆಕೆಂಡ್ ವರ್ಗ. ಪಠ್ಯಪುಸ್ತಕದ 9.8 ಅಲ್ಲಿಯೇ ಸಿಕ್ಕಿತು.

ಎಪಿಐ ಮೂಲಕ ಸಂಪಾದನೆ

ಬರೆದ ಸೂಚನೆಯಂತೆ ವಿಡಿಯೊವನ್ನು ಬದಲಿಸಿಕೊಡುವ ಎಐ ಮಾಡೆಲ್‌ಗಳು 2025ರಲ್ಲಿ ಒಂದರ ಹಿಂದೊಂದು ಬಂದವು. ರನ್‌ವೇ ಕಂಪನಿಯ ಆಲೆಫ್, ಲೂಮಾದ ಮಾಡಿಫೈ ವಿಡಿಯೊ, ಅಲಿಬಾಬಾ ಮುಕ್ತವಾಗಿ ಬಿಟ್ಟ ವ್ಯಾನ್ ವೇಸ್ ಇವು ಕೆಲವು. ನಾನು ಬಳಸಿದ್ದು ಯಾವುದು ಎಂಬುದು ಈ ಪಾಠಕ್ಕೆ ಮುಖ್ಯವಲ್ಲ. ಮುಂದೆ ಹೇಳುವುದು ಇಂಥ ಮಾಡೆಲ್‌ಗಳ ಜಾತಿಗುಣ.

ವೆಬ್ ಎಪಿಐ ಎಂದರೆ ನಮ್ಮ ಪ್ರೋಗ್ರಾಂ ದೂರದ ಕಂಪ್ಯೂಟರಿಗೆ ಕೆಲಸ ಹೇಳುವ ಕಿಟಕಿ. ದರ್ಶಿನಿ ಹೋಟೆಲನ್ನು ನೆನೆಯಿರಿ. ಕ್ಯಾಶ್ ಕೌಂಟರಿನಲ್ಲಿ ದೋಸೆ ಹೇಳುತ್ತೇವೆ, ಚೀಟಿ ಸಿಗುತ್ತದೆ, ದೋಸೆ ತಕ್ಷಣ ಸಿಗುವುದಿಲ್ಲ. ಚೀಟಿ ಹಿಡಿದು ಆಗಾಗ "ಆಯ್ತಾ?" ಎಂದು ಕೇಳುತ್ತೇವೆ. ವಿಡಿಯೊ ಎಪಿಐ ನಡೆಯುವುದೂ ಹೀಗೆಯೇ. ಮೊದಲು ಒಂದು ಪೋಸ್ಟ್ ಕೋರಿಕೆ: ವಿಡಿಯೊ ಎಲ್ಲಿದೆ, ಅದಕ್ಕೆ ಏನು ಮಾಡಬೇಕು, ಜೊತೆಗೆ ನಮ್ಮ ಗುರುತಿನ ಕೀ. ಉತ್ತರವಾಗಿ ಬರುವುದು ಒಂದು ಕೆಲಸದ ಸಂಖ್ಯೆ. ಆ ಸಂಖ್ಯೆಯನ್ನಿಟ್ಟುಕೊಂಡು ಕೆಲವು ಸೆಕೆಂಡಿಗೊಮ್ಮೆ ಗೆಟ್ ಕೋರಿಕೆ ಕಳಿಸಬೇಕು. ಸರದಿಯಲ್ಲಿದೆ, ನಡೆಯುತ್ತಿದೆ, ಮುಗಿದಿದೆ, ವಿಫಲವಾಗಿದೆ ಎಂಬ ನಾಲ್ಕರಲ್ಲಿ ಒಂದು ಉತ್ತರ ಬರುತ್ತದೆ. ಮುಗಿದಾಗ ಸಿಗುವ ಕೊಂಡಿ ಸಾಮಾನ್ಯವಾಗಿ ತಾತ್ಕಾಲಿಕ, ಕೂಡಲೇ ಡೌನ್‌ಲೋಡ್ ಮಾಡಿಕೊಳ್ಳಬೇಕು. 401 ಎಂದು ಬಂದರೆ ಕೀ ಸರಿಯಿಲ್ಲ. 429 ಬಂದರೆ ತೀರಾ ಬೇಗಬೇಗ ಕೇಳುತ್ತಿದ್ದೇವೆ ಎಂದರ್ಥ. ಇಷ್ಟನ್ನೂ ಪೈಥಾನಿನಲ್ಲಿ ಒಂದು ಪುಟದೊಳಗೆ ಬರೆಯಬಹುದು. ಬಿಎಸ್ಸಿಯಲ್ಲಿ ಕಂಪ್ಯೂಟರ್ ಓದದವರಿಗೂ ಇದು ಒಂದು ಸಂಜೆಯ ಕೆಲಸ.

ಗೆಳೆಯರೊಡನೆ ಪ್ರೋಗ್ರಾಂ ಹಂಚಿಕೊಳ್ಳುವಾಗ ಕೀಯನ್ನು ಅದರೊಳಗೆ ಬರೆದಿಡಬಾರದು. ಅದು ಇನ್ನೊಬ್ಬರ ಕೈಗೆ ಸಿಕ್ಕರೆ ಬಿಲ್ ನಮ್ಮ ಹೆಸರಿಗೆ. ಶುಲ್ಕ ಬಹುತೇಕ ವಿಡಿಯೊದ ಸೆಕೆಂಡುಗಳ ಲೆಕ್ಕದಲ್ಲಿರುವುದರಿಂದ ಮೂರು ನಿಮಿಷದ ವಿಡಿಯೊವನ್ನು ಹಾಗೆಯೇ ಕಳಿಸುವುದು ದುಂದು. ಬೇಕಾದ ಎರಡು ಮೂರು ಸೆಕೆಂಡನ್ನು ಎಫ್‌ಎಫ್‌ಎಂಪೆಗ್‌ನಲ್ಲಿ ಕತ್ತರಿಸಿ ಕಳಿಸಿದೆ. ಮಕ್ಕಳ ಮುಖವಿರುವ ವಿಡಿಯೊವನ್ನಂತೂ ಹೊರಗಿನ ಸರ್ವರಿಗೆ ಕಳಿಸಲೇಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರೆಲ್ಲ ಮಕ್ಕಳು, ಅವರ ಮಾಹಿತಿಗೆ ಪೋಷಕರ ಖಚಿತ ಒಪ್ಪಿಗೆ ಬೇಕು. ನಮ್ಮ ವಿಡಿಯೊದಲ್ಲಿ ಕಾಣುವುದು ನನ್ನ ಸಹಪಾಠಿಯ ಕೈ ಮಾತ್ರ.

ನಾನು ಕೊಟ್ಟ ಸೂಚನೆ ಇಷ್ಟು: ಹಿನ್ನೆಲೆಯನ್ನು ತಿಳಿ ನೀಲಿ ಗೋಡೆಯಾಗಿ ಬದಲಿಸು, ಚೆಂಡು, ಪಟ್ಟಿ, ಕ್ಯಾಮೆರಾ, ಚಲನೆ ಯಾವುದನ್ನೂ ಬದಲಿಸಬೇಡ. ಬಂದ ವಿಡಿಯೊ ನೋಡಲು ಸೊಗಸಾಗಿತ್ತು. ನೆರಳು ಕೂಡ ಹೊಸ ಗೋಡೆಯ ಮೇಲೆ ಹದವಾಗಿ ಬಿದ್ದಿತ್ತು.

ಆದರೆ ಒಳಗೆ ನಡೆದದ್ದೇನು? ಸಾಮಾನ್ಯ ಎಡಿಟರ್ ಕತ್ತರಿಸುತ್ತದೆ, ಬೆಳಕು ಹೆಚ್ಚಿಸುತ್ತದೆ, ನಿಧಾನ ಮಾಡುತ್ತದೆ. ಹೊಸ ಚಿತ್ರದ ಪ್ರತಿ ಚುಕ್ಕೆಗೂ ಹಳೆಯ ಚಿತ್ರದಲ್ಲಿ ಒಂದು ಮೂಲ ಇರುತ್ತದೆ. ಉತ್ಪಾದಕ ಎಐ ಮಾಡೆಲ್ ಹಾಗೆ ಮಾಡುವುದಿಲ್ಲ. ಅದು ಮೂಲ ವಿಡಿಯೊವನ್ನು ಸಂಖ್ಯೆಗಳ ಸಾರಾಂಶವಾಗಿ ಇಳಿಸಿಕೊಂಡು, ಗೊಂದಲದ ಚುಕ್ಕೆಗಳಿಂದ ಆರಂಭಿಸಿ, ಆ ಸಾರಾಂಶವನ್ನೂ ನಮ್ಮ ಸೂಚನೆಯನ್ನೂ ದಾರಿದೀಪ ಮಾಡಿಕೊಂಡು ಎಲ್ಲ ಫ್ರೇಮುಗಳನ್ನು ಹೊಸದಾಗಿ ಬಿಡಿಸುತ್ತದೆ. ನಾವು ಮುಟ್ಟಬೇಡ ಎಂದ ಚೆಂಡನ್ನೂ ಮತ್ತೆ ಬಿಡಿಸಿರುತ್ತದೆ. ಅದರ ತರಬೇತಿಯ ಗುರಿ ನಂಬುವಂತೆ ಕಾಣುವುದು. 4.9 ಸೆಂಟಿಮೀಟರ್ ಎಂಬುದು ಆ ಗುರಿಯೊಳಗೆ ಇಲ್ಲ. ಅದೇ ವಿಡಿಯೊವನ್ನು ಅದೇ ಸೂಚನೆಯೊಂದಿಗೆ ಸೀಡ್ ಸಂಖ್ಯೆ ಮಾತ್ರ ಬದಲಿಸಿ ಮತ್ತೊಮ್ಮೆ ಕಳಿಸಿದೆ. ಈ ಸಲ ನಾಲ್ಕನೆಯ ಚಿತ್ರದಲ್ಲಿ ಚೆಂಡು ಬೇರೆ ಜಾಗದಲ್ಲಿತ್ತು. ಒಮ್ಮೆ ಬಿದ್ದ ಚೆಂಡಿಗೆ ಎರಡು ಪತನಗಳು.

ಫ್ರೇಮ್ ವೇಗವನ್ನೂ ನೋಡಿಕೊಳ್ಳಬೇಕು. ನನಗೆ ಹಿಂತಿರುಗಿ ಬಂದ ವಿಡಿಯೊ 30 ಫ್ರೇಮಿನದೇ. ಕೆಲವು ಸೇವೆಗಳಲ್ಲಿ 24 ಫ್ರೇಮಿಗೆ ಬದಲಾಗಿ ಬರುತ್ತದೆ. ಆಗ ಮೂರು ಫ್ರೇಮಿಗೆ 0.125 ಸೆಕೆಂಡು. ಇದು ತಿಳಿಯದೆ 0.1 ಎಂದೇ ಲೆಕ್ಕ ಹಾಕಿದರೆ ಚೆಂಡು ಸರಿಯಾಗಿಯೇ ಬಿದ್ದಿದ್ದರೂ ಗುರುತ್ವ ವೇಗೋತ್ಕರ್ಷ 15ರ ಮೇಲೆ ಹೋಗುತ್ತದೆ. ಎಫ್‌ಎಫ್‌ಎಂಪೆಗ್ ಜೊತೆ ಬರುವ ಎಫ್‌ಎಫ್‌ಪ್ರೋಬ್ ಒಂದೇ ಸಾಲಿನಲ್ಲಿ ಇದನ್ನು ಹೇಳುತ್ತದೆ. ಅಂದಹಾಗೆ, ಇದು ಎಐಗೆ ಮಾತ್ರ ಅಂಟಿದ ತೊಡಕಲ್ಲ. ಕೆಲವು ಫೋನುಗಳ ಅತಿ ನಿಧಾನ ಮೋಡ್ ಕೂಡ ನಿಜವಾದ ಫ್ರೇಮುಗಳ ನಡುವೆ ಊಹಿಸಿದ ಫ್ರೇಮುಗಳನ್ನು ತುಂಬುತ್ತದೆ. ಅಳತೆಗೆ ಫೋನಿನ ಸಾದಾ ಮೋಡೇ ಲೇಸು.

ತರಗತಿಯಲ್ಲಿ

ಮೂಲ ವಿಡಿಯೊದ ಆರು ಚಿತ್ರಗಳನ್ನು ಒಂದು ಹಾಳೆಯಲ್ಲಿ, ಎಐ ವಿಡಿಯೊದ ಆರು ಚಿತ್ರಗಳನ್ನು ಇನ್ನೊಂದು ಹಾಳೆಯಲ್ಲಿ ಪಕ್ಕಪಕ್ಕ ಜೋಡಿಸಿ ಜೆರಾಕ್ಸ್ ಮಾಡಿಸಿದೆ. ಮೊದಲನೆಯದು "ಅ", ಎರಡನೆಯದು "ಆ". ಯಾವುದು ಯಾವುದೆಂದು ಹೇಳಲಿಲ್ಲ. ಶಾಲೆಯ ಟಿವಿಯಲ್ಲಿ ಎರಡೂ ವಿಡಿಯೊಗಳನ್ನು ಎರಡೆರಡು ಸಲ ತೋರಿಸಿ, "ಇವುಗಳಲ್ಲಿ ಒಂದನ್ನು ಕಂಪ್ಯೂಟರ್ ಬಿಡಿಸಿದೆ. ನಿಜವಾಗಿ ಬಿದ್ದ ಚೆಂಡು ಯಾವುದು?" ಎಂದು ಕೇಳಿದೆ. ಹೆಚ್ಚಿನ ಕೈಗಳು ಎದ್ದದ್ದು "ಆ"ಗೆ. ಕಾರಣ ಕೇಳಿದರೆ, "ಕ್ಲೀನಾಗಿದೆ ಮಿಸ್", "ಪುಸ್ತಕದಲ್ಲಿ ಇರೋ ಥರ ಇದೆ". ಬಟ್ಟೆ ಒಣಹಾಕಿದ ಗೋಡೆಯೆದುರು ವಿಜ್ಞಾನ ನಡೆಯುತ್ತದೆಂದು ಅವರು ನಂಬಿರಲಿಲ್ಲ. ಈ ಉತ್ತರ ನನ್ನನ್ನು ಸ್ವಲ್ಪ ತಡೆಯಿತು. ಪ್ರಯೋಗವೆಂದರೆ ಬೇರೆ ಎಲ್ಲೋ ಬಿಳಿ ಕೋಟು ತೊಟ್ಟವರು ಮಾಡುವುದು ಎಂಬ ಭಾವನೆಯನ್ನು ನಮ್ಮ ಹೊಳೆಯುವ ಬೋಧನೋಪಕರಣಗಳೇ ಬೆಳೆಸುತ್ತಿವೆಯೇ ಎಂದು ಯೋಚಿಸಬೇಕಾಗಿದೆ.

ನಂತರ ಐದೈದು ಮಂದಿಯ ಗುಂಪುಗಳಿಗೆ ಹಾಳೆ ಹಂಚಿದೆ. ಚೆಂಡಿನ ಕೆಳಅಂಚು ಯಾವ ಮನೆಯೆದುರು ಇದೆಯೆಂದು ಅರ್ಧ ಮನೆಯ ನಿಖರತೆಗೆ ಓದಬೇಕು, ಹೆಜ್ಜೆಗಳನ್ನು ಬರೆಯಬೇಕು. "ಅ" ಹಾಳೆಯಲ್ಲಿ ಬಹುತೇಕ ಗುಂಪುಗಳಿಗೆ ಅರ್ಧ, ಒಂದೂವರೆ, ಎರಡೂವರೆ, ಮೂರೂವರೆ, ನಾಲ್ಕೂವರೆ ಬಂತು. ಒಂದು ಗುಂಪಿಗೆ ಕೊನೆಯದು ನಾಲ್ಕು. ಕೊನೆಯ ಚಿತ್ರದಲ್ಲಿ ಚೆಂಡು ತುಸು ಮಸುಕಾಗಿರುವುದನ್ನು ಅವರೇ ಗುರುತಿಸಿ, "ಅಂಚು ಸರಿಯಾಗಿ ಕಾಣಲ್ಲ, ಅದಕ್ಕೆ" ಎಂದರು. ಅಳತೆಯ ಅನಿಶ್ಚಿತತೆಯ ಬಗ್ಗೆ ನಾನು ಸಿದ್ಧಮಾಡಿಕೊಂಡಿದ್ದ ವಿವರಣೆಯನ್ನು ಅಲ್ಲಿಯೇ ಬಿಟ್ಟೆ.

"ಆ" ಹಾಳೆಯಲ್ಲಿ ಅರ್ಧ, ಎರಡು, ಮೂರು, ಮೂರು, ಮೂರೂವರೆ. ಮೊದಲು ರಭಸದಿಂದ ಹೊರಟ ಚೆಂಡು ನಡುವೆ ಸಮವೇಗದಲ್ಲಿ ಇಳಿಯುತ್ತಿತ್ತು. ಗುಂಪುಗಳು ಒಬ್ಬರದನ್ನೊಬ್ಬರು ನೋಡಿ ತಿದ್ದಲು ಹೊರಟವು. ಉತ್ತರ ಚೆನ್ನಾಗಿ ಬರಲಿಲ್ಲವಾದರೆ ತಾವೇ ತಪ್ಪಿರಬೇಕು ಎಂಬುದು ನಮ್ಮ ಮಕ್ಕಳಿಗೆ ರೂಢಿ. ಅಳಿಸಬೇಡಿ, ಮತ್ತೊಮ್ಮೆ ಅಳೆಯಿರಿ ಎಂದೆ. ಅಷ್ಟರಲ್ಲಿ ಕಿಟಕಿಯ ಪಕ್ಕದ ಗುಂಪಿನ ಹುಡುಗನೊಬ್ಬ ಪಟ್ಟಿಯ ಮನೆಗಳನ್ನೇ ಎಣಿಸಿದ. "ಮಿಸ್, ಇದರಲ್ಲಿ 12 ಇದೆ, ಅದರಲ್ಲಿ 13!" ಇಡೀ ತರಗತಿ ಎಣಿಸಿತು. ಪಟ್ಟಿಯನ್ನೂ ಮಾಡೆಲ್ ಹೊಸದಾಗಿ ಬಿಡಿಸಿತ್ತು, ಬಿಡಿಸುವಾಗ ಒಂದು ಮನೆ ಕಳೆದಿತ್ತು. ನಾನು ಪಟ್ಟಿಯನ್ನು ಬಾಗಿಲ ಹಿಂದಿನಿಂದ ತಂದು ಮೇಜಿನ ಮೇಲಿಟ್ಟೆ. ಅವರು ಮುಟ್ಟಿ ಎಣಿಸಿದರು.

ಆಗ ಒಬ್ಬ ಹುಡುಗಿ ಕೇಳಿದಳು: "ಹಾಗಾದ್ರೆ ಆ ನೀಲಿ ಗೋಡೆ ಮುಂದಿನ ಚೆಂಡು ಬಿದ್ದೇ ಇಲ್ವಾ ಮಿಸ್?"

ಎರಡು ಪೀರಿಯಡ್‌ಗಳಲ್ಲಿ ಬಂದ ಅತ್ಯುತ್ತಮ ಪ್ರಶ್ನೆ ಇದು. ನಾನು ಸೀಡ್ ಬದಲಿಸಿ ಪಡೆದ ಮೂರನೆಯ ವಿಡಿಯೊವನ್ನೂ ತೋರಿಸಿದೆ. ಕೈಯಿಂದ ಚೆಂಡು ಬಿಟ್ಟದ್ದು ಎಷ್ಟು ಸಲ, ಪರದೆಯ ಮೇಲೆ ಬೇರೆ ಬೇರೆ ಬಗೆಯಲ್ಲಿ ಬಿದ್ದದ್ದು ಎಷ್ಟು ಸಲ ಎಂದು ಕೇಳಿದೆ. ಅವಳು ತನ್ನ ಪುಸ್ತಕದಲ್ಲಿ ಬರೆದುಕೊಂಡದ್ದು: "ಅ ಬಿದ್ದದ್ದು. ಆ ಬಿದ್ದ ಹಾಗೆ ಬರೆದದ್ದು."

ಮಾರ್ಗದರ್ಶಕ ಶಿಕ್ಷಕರಿಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ. "ನೋಡಮ್ಮಾ, ಮುಕ್ತ ಪತನ ಕಲಿಸೋಕೆ ಅ ಒಂದೇ ಸಾಕಿತ್ತು. ಆ ತೋರಿಸಿ ಮಕ್ಕಳನ್ನ ಯಾಕೆ ಗೊಂದಲಕ್ಕೆ ಹಾಕ್ತೀಯ?" ಎಂದರು. ಸಮಯದ ದೃಷ್ಟಿಯಿಂದ ಅವರ ಮಾತಿನಲ್ಲಿ ಹುರುಳಿದೆ. ಒಂದು ಪೀರಿಯಡ್‌ನ ಪಾಠ ಎರಡಕ್ಕೆ ಬೆಳೆಯಿತು. ಆದರೂ ಆ ಮಕ್ಕಳು ಮನೆಗೆ ಹೋದ ಮೇಲೆ ನೋಡುವುದು ಬಹುಪಾಲು "ಆ" ಬಗೆಯ ವಿಡಿಯೊಗಳನ್ನೇ. ಕಣ್ಣಿಗೆ ಸರಿಯೆನಿಸಿದ್ದನ್ನು ಮನೆ ಎಣಿಸಿ ಪರೀಕ್ಷಿಸಬಹುದು ಎಂಬ ಅನುಭವ ಒಮ್ಮೆಯಾದರೂ ತರಗತಿಯಲ್ಲಿ ಆಗಬೇಕೆಂಬ ನನ್ನ ನಿಲುವಿನಲ್ಲಿ ಬದಲಾವಣೆಯಿಲ್ಲ. 1878ರಲ್ಲಿ ಮೈಬ್ರಿಜ್ ಕ್ಯಾಮೆರಾಗಳನ್ನು ಸಾಲಾಗಿಟ್ಟು ಓಡುವ ಕುದುರೆಯ ಚಿತ್ರ ತೆಗೆದಾಗ, ನಾಲ್ಕು ಕಾಲುಗಳೂ ನೆಲ ಬಿಡುವ ಕ್ಷಣ ಉಂಟೆಂಬುದು ಖಚಿತವಾಯಿತು. ಆ ಕ್ಷಣವನ್ನು ಚಿತ್ರಕಾರರು ಬಹುಕಾಲ ಬೇರೆ ರೀತಿ ಬಿಡಿಸಿಕೊಂಡು ಬಂದಿದ್ದರು; ನೋಡಿದವರಿಗೆ ಅದೂ ಸರಿಯಾಗಿಯೇ ಕಂಡಿತ್ತು.

ನಮ್ಮ ಪಾಠ ವೀಕ್ಷಣಾ ನಮೂನೆಯಲ್ಲಿ ಬೋಧನೋಪಕರಣಗಳ ಕೆಳಗೆ ಆಕರ್ಷಕತೆ, ಸ್ಪಷ್ಟತೆ, ಗಾತ್ರ ಎಂಬ ಕಾಲಂಗಳಿವೆ. ಈ ಚಿತ್ರ ಅಥವಾ ವಿಡಿಯೊ ಎಲ್ಲಿಂದ ಬಂತು, ಅದರಿಂದ ಅಳೆಯಬಹುದೇ ಎಂದು ಕೇಳುವ ಒಂದು ಕಾಲಂ ಸೇರಿಸುವುದನ್ನು ಅಧ್ಯಾಪಕರು ಪರಿಶೀಲಿಸಬೇಕೆಂದು ಕೋರುತ್ತೇನೆ.

ಚಂದ್ರನ ಮೇಲಿನ ಚೆಂಡು

ಇಷ್ಟು ಹೇಳಿದ ಮೇಲೆ, ಎಐ ಸಂಪಾದನೆಯನ್ನು ವಿಜ್ಞಾನದಿಂದ ಹೊರಗಿಡಬೇಕು ಎಂಬುದು ನನ್ನ ಅಭಿಪ್ರಾಯವೆಂದು ಯಾರೂ ತಿಳಿಯಬಾರದು. ಎರಡನೆಯ ಪೀರಿಯಡ್‌ನ ಕೊನೆಯ ಚಟುವಟಿಕೆಗೆ ನಾನು ಅದನ್ನೇ ಬಳಸಿದೆ. ಮೂಲ ವಿಡಿಯೊ ಕಳಿಸಿ, ಹಿನ್ನೆಲೆಯನ್ನು ಚಂದ್ರನ ನೆಲವಾಗಿಸು ಎಂದೆ. ಬೂದು ಮಣ್ಣು, ಕಪ್ಪು ಆಕಾಶ, ದೂರದಲ್ಲಿ ಭೂಮಿ. ಮಕ್ಕಳು ಚಪ್ಪಾಳೆ ತಟ್ಟಿದರು. "ಚಂದ್ರ ಬಂತು. ಚಂದ್ರನ ಗುರುತ್ವ ಬಂತಾ?" ಎಂದು ಕೇಳಿದೆ.

ಚಂದ್ರನ ಮೇಲೆ ಗುರುತ್ವ ವೇಗೋತ್ಕರ್ಷ 1.62. ಅರ್ಧ ಸೆಕೆಂಡಿನಲ್ಲಿ ಇಲ್ಲಿ ಬೀಳುವ 1.225 ಮೀಟರ್ ದೂರ ಅಲ್ಲಿ ಬೀಳಲು ಎಷ್ಟು ಹೊತ್ತು? ಮಕ್ಕಳು ಸೂತ್ರದಲ್ಲಿ ಇಟ್ಟು 1.23 ಸೆಕೆಂಡ್ ಪಡೆದರು. ಪರದೆಯ ಮೇಲಿನ ಚೆಂಡು ಅರ್ಧ ಸೆಕೆಂಡಿಗೇ ನೆಲ ಸಮೀಪಿಸಿತ್ತು. ಹಾಗಾದರೆ ಏನು ಮಾಡಬೇಕು? 1.23ನ್ನು 0.5ರಿಂದ ಭಾಗಿಸಿದರೆ 2.46. ನಮ್ಮ "ಅ" ವಿಡಿಯೊವನ್ನು 2.46 ಪಟ್ಟು ನಿಧಾನ ಮಾಡಿದರೆ ಚೆಂಡು ಚಂದ್ರನ ಮೇಲೆ ಬೀಳುವ ಹಾಗೆಯೇ ಬೀಳುತ್ತದೆ. ಎಫ್‌ಎಫ್‌ಎಂಪೆಗ್‌ನಲ್ಲಿ ಇದು ಸೆಟ್‌ಪಿಟಿಎಸ್ ಎಂಬ ಒಂದು ಫಿಲ್ಟರ್. ಅದು ಯಾವ ಫ್ರೇಮನ್ನೂ ಹೊಸದಾಗಿ ಬಿಡಿಸುವುದಿಲ್ಲ, ತೋರಿಸುವ ಹೊತ್ತನ್ನು ಹಿಗ್ಗಿಸುತ್ತದೆ ಅಷ್ಟೆ. ಒಣಹಾಕಿದ ಬಟ್ಟೆಯೆದುರು ಚಂದ್ರನ ಪತನ, ಚಂದ್ರನ ನೆಲದೆದುರು ಭೂಮಿಯ ಪತನ: ಎರಡನ್ನೂ ಅಕ್ಕಪಕ್ಕ ಓಡಿಸಿದಾಗ ತರಗತಿ ನಕ್ಕಿತು. ಎರಡರ ಮೇಲೂ ಏನು ನಿಜ, ಏನು ಬಿಡಿಸಿದ್ದು ಎಂದು ಪಟ್ಟಿ ಅಂಟಿಸಲು ಹೇಳಿದೆ. ಗುಂಪುಗಳು ತಾವೇ ವಾಕ್ಯ ರಚಿಸಿದವು.

ನಿಜವಾಗಿ ಚಂದ್ರನ ಮೇಲೆ ಬಿದ್ದದ್ದರ ದಾಖಲೆಯೂ ಇದೆ. 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಕ್ಯಾಮೆರಾದೆದುರು ಸುತ್ತಿಗೆಯನ್ನೂ ಗರಿಯನ್ನೂ ಒಟ್ಟಿಗೆ ಕೈಬಿಟ್ಟು ತೋರಿಸಿದ. ಚಿತ್ರ ಮಸುಕು, ಗರಿ ಕಾಣುವುದೇ ಕಷ್ಟ. ಅದನ್ನು ಹಾಕಿದಾಗ ಯಾರೂ "ಕ್ಲೀನಾಗಿಲ್ಲ" ಎನ್ನಲಿಲ್ಲ. ಒಬ್ಬ ಎದ್ದು ನಿಂತು, "ಇದು ಸೆಕೆಂಡಿಗೆ ಎಷ್ಟು ಫ್ರೇಮ್ ಮಿಸ್?" ಎಂದ. ಗಂಟೆ ಬಾರಿಸಿತು. ಮರುದಿನ ಬಿಡುವಿನಲ್ಲಿ ಅವನೂ ಇಬ್ಬರು ಗೆಳೆಯರೂ ಶಾಲೆಯ ಕಂಪ್ಯೂಟರಿನಲ್ಲಿ ಟ್ರ್ಯಾಕರ್ ಎಂಬ ಉಚಿತ ತಂತ್ರಾಂಶವನ್ನು ತೆರೆದು, ಸುತ್ತಿಗೆಯ ಮೇಲೆ ಒಂದೊಂದು ಫ್ರೇಮಿಗೂ ಚುಕ್ಕೆ ಇಡುತ್ತಿದ್ದರು. ಪಟ್ಟಿಯಿಲ್ಲದ ಆ ವಿಡಿಯೊದಲ್ಲಿ ಅಳತೆಗೋಲಾಗಿ ಏನನ್ನು ಹಿಡಿಯುವುದು ಎಂದು ಅವರೊಳಗೆ ವಾದ ನಡೆಯುತ್ತಿತ್ತು. ಸ್ಕಾಟನ ಎತ್ತರ ಎಷ್ಟೆಂದು ಹುಡುಕಿ ತನ್ನಿ ಎಂದು ಹೇಳಿ ಬಂದೆ.